ವೇಗದ ಕಾರೂ ಮಿತದ ಹಣವೂ

ವೇಗವಾಗಿ ಓಡುವ, ನೋಡಲು ಚೆಲುವಾದ ವಾಹನವೊಂದು ತನಗಿರಲಿ ಎಂಬ ಆಸೆ ಇಂದು ನಿನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ಲಕ್ಷಣಗಳಿಗೂ ಸವಾರಿಯ ವಿನೋದಕ್ಕೂ ಸ್ಥಾನವಿದೆ. ಅರಸನಿಗೆ ಕುದುರೆಯಾದರೆ ಒಕ್ಕಲಿಗನಿಗೆ ಎತ್ತು. ನಮ್ಮ ಶೇಡಬಾಳದ ಸುತ್ತಿನ ರೈತನು ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಖಿಲಾರಿ ಎತ್ತಿನ ಮೈಬಣ್ಣಕ್ಕೂ ಕೋಡಿಗೂ ಮನಸೋತಾನು. ಆದರೆ ಹಣ ಎಣಿಸುವ ಮುನ್ನ ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸಿ ಕಾಲು ನೋಡುತ್ತಾನೆ. ಹಳೆಯ ಸ್ಪೋರ್ಟ್ಸ್ ಕಾರನ್ನು ಮಿತವಾದ ಹಣದಲ್ಲಿ ಕೊಳ್ಳಬಯಸುವ ತರುಣರಿಗೂ, ಕಬ್ಬಿನ ಬಿಲ್ಲಿನಿಂದ ಆ ಹಣ ತೆಗೆದುಕೊಡಬೇಕಾದ ಹಿರಿಯರಿಗೂ ಬೇಕಾದುದು ಇದೇ ವಿವೇಕ. ನಮ್ಮ ದೇಶದ ಮೋಟಾರಿನ ಇತಿಹಾಸವೇ ಇದಕ್ಕೆ ಸಾಕ್ಷಿ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಹೊರನಾಡಿನ ಕಾರು ತರಿಸುವುದಕ್ಕೆ ಬಿಗಿಯಾದ ನಿರ್ಬಂಧವಿತ್ತು. ಒಳನಾಡಿನ ಕಾರ್ಖಾನೆಗಳಿಗೆ ಲೈಸೆನ್ಸಿನ ಕಟ್ಟು. ಆಗ ಚುರುಕಾದ ಕಾರು ಬೇಕೆಂಬವರ ಕಣ್ಣು ಬಿದ್ದುದು ಮದರಾಸಿನ ಸ್ಟ್ಯಾಂಡರ್ಡ್ ಕಾರ್ಖಾನೆಯಿಂದ 1961ರಲ್ಲಿ ಹೊರಬಂದ ಹೆರಾಲ್ಡಿನ ಮೇಲೆ. ಅದರ ಮೇಲ್ಮೈಯನ್ನು ಬೇರೆಯಾದ ಅಡಿಚೌಕಟ್ಟಿಗೆ ಬೋಲ್ಟು ಹಾಕಿ ಕೂರಿಸಿದ್ದರು. ಈ ಚೌಕಟ್ಟನ್ನೇ ಗಿಡ್ಡಮಾಡಿ ಇಂಗ್ಲೆಂಡಿನಲ್ಲಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಕಟ್ಟಿದರು. ಸಂಸಾರದ ಕಾರಿಗೂ ಆಟದ ಕಾರಿಗೂ ಒಂದೇ ಬೇರು!

ನಮ್ಮ ನಾಡಿನ ಸರದಿ ಬಂದುದು 1982ರಲ್ಲಿ. ಬೆಂಗಳೂರಿನ ಸಿಪಾನಿ ಕಂಪನಿಯು ಇಂಗ್ಲೆಂಡಿನ ರಿಲಯಂಟ್ ಕಿಟನ್ನಿನ ಮಾದರಿಯಲ್ಲಿ 'ಡಾಲ್ಫಿನ್' ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ತಂದಿತು. ಅದರ 848 ಸಿ.ಸಿ. ಇಂಜಿನು ಅಲ್ಯುಮಿನಿಯಂನದು, ಮೈ ಫೈಬರ್ ಗ್ಲಾಸಿನದು. ಹಗುರಾದ ವಾಹನಕ್ಕೆ ಸಣ್ಣ ಇಂಜಿನೂ ಸಾಕು. ಆದುದರಿಂದ ರ್‍ಯಾಲಿ ಮತ್ತು ಪಂದ್ಯಗಳ ಉತ್ಸಾಹಿಗಳು ಅದನ್ನು ಮೆಚ್ಚಿದರು. ಆದರೆ ಸಂಸಾರಸ್ಥರು ಮೆಚ್ಚಿದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿಯನ್ನು. ಮುಂದೆ 1998ರಲ್ಲಿ ಬೆಂಗಳೂರಿನ ಸ್ಯಾನ್ ಸಂಸ್ಥೆಯ ಬಳಗದಿಂದ 'ಸ್ಟಾರ್ಮ್' ಬಂತು, ತಯಾರಾದದ್ದು ಗೋವೆಯಲ್ಲಿ. ಇಬ್ಬರೇ ಕೂರುವ, ಛಾವಣಿ ತೆರೆಯಬಹುದಾದ ಇದು ನಿಜವಾದ ಸ್ಪೋರ್ಟ್ಸ್ ಕಾರಿನ ಆಕೃತಿಯದು. ಮೈ ಫೈಬರ್ ಗ್ಲಾಸಿನದು. ಒಳಗಿನ 1149 ಸಿ.ಸಿ. ಇಂಜಿನು ಫ್ರಾನ್ಸಿನ ರೆನೋ ಕಂಪನಿಯದು.

ಈಗ ವಾಚಕರು ವಿಚಾರಿಸಬೇಕು. ಫೈಬರ್ ಗ್ಲಾಸಿಗೆ ತುಕ್ಕು ಹಿಡಿಯುವುದಿಲ್ಲ. ಇಪ್ಪತ್ತು ವರ್ಷ ಕಳೆದರೂ ಒಂದು ಬಣ್ಣ ಬಳಿದರೆ ಹೊಸದರಂತೆ ಕಾಣುತ್ತದೆ. ಆದರೆ ಅದರ ಕೆಳಗಿನ ಉಕ್ಕಿಗೆ ತುಕ್ಕು ತಪ್ಪಿದ್ದಲ್ಲ. ಮಿಗಿಲಾಗಿ, ತಯಾರಿಕೆ ನಿಂತುಹೋದ ಮೇಲೆ, ಕೆಲವೇ ಸಂಖ್ಯೆಯಲ್ಲಿ ಮಾರಾಟವಾದ ಕಾರಿನ ಮುಂಗಾಜು ಒಡೆದರೆ ತರುವುದೆಲ್ಲಿಂದ? ಕ್ಲಚ್ಚಿನ ತಟ್ಟೆ ಸವೆದರೆ ಕೊಡುವವರಾರು? ಅಪರೂಪದ ಕಾರಿನ ಬೆಲೆ ಕೊಳ್ಳುವ ದಿನ ಮುಗಿಯುವುದಿಲ್ಲ, ಅಂದು ತೊಡಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಆದಕಾರಣ ಮಿತದ ಹಣದವನು ಹೆಸರಿನಿಂದ ಸ್ಪೋರ್ಟ್ಸ್ ಕಾರನ್ನು ಅರಸದೆ ಗುಣದಿಂದ ಅರಸಬೇಕು. ಮೈ ಹಗುರ, ಇಂಜಿನು ಚುರುಕು, ಬಿಡಿಭಾಗ ಹೇರಳ: ಈ ಮೂರು ಕೂಡಿರಬೇಕು. 1993ರಲ್ಲಿ ಬಂದ ಮಾರುತಿ ಝೆನ್ನಿನ 993 ಸಿ.ಸಿ. ಅಲ್ಯುಮಿನಿಯಂ ಇಂಜಿನು, 2005ರಲ್ಲಿ ಬಂದ ಸ್ವಿಫ್ಟು ಈ ಸಾಲಿಗೆ ಸೇರುತ್ತವೆ. ಮೀರಜಿನಲ್ಲೋ ಬೆಳಗಾವಿಯಲ್ಲೋ ನಿಮಗೆ ಗೊತ್ತಿರುವ ಮಿಸ್ತ್ರಿಯನ್ನು ಮೊದಲು ಕೇಳಿ. ಅವನು ಬಿಚ್ಚಿ ಜೋಡಿಸಬಲ್ಲ ಕಾರನ್ನೇ ಕೊಳ್ಳಿ.

ಪರೀಕ್ಷೆಗೆ ಮುಂಜಾನೆ ಹೋಗಬೇಕು. ಇಂಜಿನು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲು ಹೆಚ್ಚಾಗುತ್ತಿದೆ. ಇಂಜಿನು ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿರಬಹುದು. ಟಯರು ಒಂದೇ ಅಂಚಿನಲ್ಲಿ ಸವೆದಿದ್ದರೆ ಚಕ್ರದ ಅಲೈನ್‌ಮೆಂಟನ್ನೂ ಚೌಕಟ್ಟನ್ನೂ ಸಂಶಯಿಸಿ. ಚಾಸಿಯ ಸಂಖ್ಯೆಯನ್ನು ಆರ್.ಸಿ.ಯೊಡನೆ ಅಕ್ಷರಶಃ ತಾಳೆ ನೋಡಿ.

ಗಡಿಯಲ್ಲಿರುವ ನಮಗೆ ಇನ್ನೊಂದು ಎಚ್ಚರ. ಸಾಂಗಲಿ ಕೊಲ್ಹಾಪುರಗಳ ಕಾರು ಅಗ್ಗವೆಂದು ಕಂಡೀತು. ಆದರೆ ಅಲ್ಲಿಯ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. 1988ರ ಮೋಟಾರು ವಾಹನ ಕಾಯಿದೆಯಂತೆ ಹನ್ನೆರಡು ತಿಂಗಳು ಮೀರಿ ಇಲ್ಲಿ ಇಟ್ಟರೆ ಇಲ್ಲಿಯ ನೋಂದಣಿ ಬೇಕು. ಕರ್ನಾಟಕದ ತೆರಿಗೆಯೂ ಸೇರುತ್ತದೆ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ನವೀಕರಿಸಬೇಕಾಗುತ್ತದೆ. ಬ್ಯಾಂಕಿನ ಸಾಲ ತೀರಿದುದು ಆರ್.ಸಿ.ಯಲ್ಲಿ ದಾಖಲಾಗಿದೆಯೇ ನೋಡಿ. ಇವೆಲ್ಲವನ್ನೂ ಕೂಡಿಸಿದ ಮೇಲೆ ಬರುವ ಮೊತ್ತವೇ ನಿಜವಾದ ಬೆಲೆ.

ಕೈಯಲ್ಲಿ ನೂರು ರೂಪಾಯಿ ಇದ್ದರೆ ಎಂಬತ್ತರ ಕಾರು ಕೊಳ್ಳಿ. ಉಳಿದ ಇಪ್ಪತ್ತು ಮೊದಲ ವರ್ಷದ ರಿಪೇರಿಗಿರಲಿ. ಡಾಲ್ಫಿನ್ನಿಗೂ ಸ್ಟಾರ್ಮಿಗೂ ಚೆಲುವಿನ ಕೊರತೆಯಿರಲಿಲ್ಲ, ವೇಗದ ಆಸೆಗೂ ಕೊರತೆಯಿರಲಿಲ್ಲ. ಬಾಳಿಕೆಗೆ ಬೇಕಾದುದು ಊರೂರಿಗೂ ಒಬ್ಬ ಬಲ್ಲ ಮಿಸ್ತ್ರಿ, ಅವನ ಕೈಗೆ ಸಿಗುವ ಬಿಡಿಭಾಗ. ಅದಿರುವ ಕಡೆ ಹಳೆಯ ಕಾರೂ ಓಡುತ್ತದೆ. ಅದಿಲ್ಲದ ಕಡೆ ಹೊಸದೂ ಅಂಗಳದಲ್ಲಿ ನಿಲ್ಲುತ್ತದೆ.