ಎಂಜಿ ಕಾರಿಗೆ ಅಂಬಾಸಿಡರ್ ನೆಂಟಸ್ತಿಕೆ

ಅಮ್ಮತ್ತಿ ಹತ್ತಿರದ ನಮ್ಮ ತೋಟದ ಗೋಡೌನಿನಲ್ಲಿ, ಕಾಫಿ ಮೂಟೆಗಳ ಹಿಂದೆ ಒಂದು ಕಾರಿದೆ. ಎರಡೇ ಸೀಟು, ನೆಲಕ್ಕಂಟಿದ ಹಾಗೆ ತಗ್ಗು. 1957ರ ಎಂಜಿಎ. ಯಾವುದೋ ತೋಟದ ಇಂಗ್ಲಿಷ್ ಮ್ಯಾನೇಜರ್ ಊರಿಗೆ ಹೊರಟಾಗ ಅಜ್ಜ ಕೊಂಡದ್ದಂತೆ. ಹೋದ ವರ್ಷ ಅಪ್ಪ ಕೇಳಿದ್ರು: "ಜಾಗ ಬೇಕು ಮಗ. ಗುಜರಿಗೆ ಹಾಕೋದಾ, ನೀನು ರಿಪೇರಿ ಮಾಡಿಸ್ತೀಯಾ?" ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಕುಟ್ಟೋ ನಾನು ಜಂಬದಿಂದ "ಮಾಡಿಸ್ತೀನಿ" ಅಂದುಬಿಟ್ಟೆ. ಬಿಡಿಭಾಗ ಹುಡುಕೋದು ಅಂದ್ರೆ ಅರ್ಧ ಇತಿಹಾಸ ಓದೋದು ಅಂತ ಆಗ ಗೊತ್ತಿರಲಿಲ್ಲ.

ಮೊದಲು ಸಿಕ್ಕಿದ್ದು ಅಜ್ಜನ ಬಿಸ್ಕೆಟ್ ಡಬ್ಬಿ. ತುಂಬಾ ಹಳೇ ಬಿಲ್ಲುಗಳು. ಮೈಸೂರಿನದು, ಬೆಂಗಳೂರಿನದು. ವಿಚಿತ್ರ ಅಂದ್ರೆ ಅರ್ಧಕ್ಕರ್ಧ ಬಿಲ್ಲಿನಲ್ಲಿ "ಅಂಬಾಸಿಡರ್" ಅಂತಿದೆ. ಅಜ್ಜ ಅಂಬಾಸಿಡರ್ ಇಟ್ಟವರೇ ಅಲ್ಲ!

ಒಗಟು ಬಿಡಿಸಲು ಸ್ವಲ್ಪ ಹಿಂದೆ ಹೋಗಬೇಕು. 1953ರಲ್ಲಿ ಕೇಂದ್ರ ಸರ್ಕಾರ ಕಾರು ಕಂಪನಿಗಳಿಗೆ, ಭಾಗಗಳನ್ನು ಇಲ್ಲೇ ತಯಾರಿಸುವುದಾದರೆ ಇರಿ, ಬರೀ ಜೋಡಿಸಿ ಮಾರುವುದಾದರೆ ಬೇಡ ಎಂದಿತು. ಫೋರ್ಡ್, ಜನರಲ್ ಮೋಟರ್ಸ್ ಗಂಟುಮೂಟೆ ಕಟ್ಟಿದವು. ಆಮದು ಬಿಗಿಯಾಗುತ್ತಾ ಹೋಯಿತು. ವಿದೇಶದಿಂದ ಸಾಮಾನು ತರಿಸಬೇಕಾದರೆ ಲೈಸೆನ್ಸ್ ಬೇಕು. ಅದರ ಮೇಲೆ ಕೊಡಗಿಗೆ ಇವತ್ತಿಗೂ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿ.ಮೀ. ಒಂದು ಗ್ಯಾಸ್ಕೆಟ್ ಬೇಕಿದ್ದರೂ ಬಸ್ಸಲ್ಲೇ ಬರಬೇಕು.

ಆದರೆ ಅದೇ ನೀತಿ ಇನ್ನೊಂದು ಬಾಗಿಲು ತೆರೆಯಿತು. ಹಿಂದೂಸ್ತಾನ್ ಮೋಟರ್ಸ್ ಬಂಗಾಳದ ಉತ್ತರಪಾರಾದಲ್ಲಿ ಮಾಡುತ್ತಿದ್ದ ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. 1959ರಲ್ಲಿ ಅದಕ್ಕೆ ಬಂದ 1489 ಸಿಸಿ ಎಂಜಿನ್ ಬಿಎಂಸಿ ಕಂಪನಿಯ 'ಬಿ ಸೀರೀಸ್'. ಅಜ್ಜನ ಎಂಜಿಎಯಲ್ಲಿ ಇರುವುದೂ ಅದೇ ಮನೆತನದ 1489 ಸಿಸಿ ಎಂಜಿನ್! ಒಂದು ಮಂತ್ರಿಗಳ ಕಾರು, ಇನ್ನೊಂದು ಷೋಕಿ ಕಾರು. ಬಾನೆಟ್ ಎತ್ತಿದರೆ ದಾಯಾದಿಗಳು. 1961ರಲ್ಲಿ ಮದ್ರಾಸಿನಲ್ಲಿ ಲ್ಯೂಕಾಸ್-ಟಿವಿಎಸ್ ಶುರುವಾದ ಮೇಲೆ ಲ್ಯೂಕಾಸ್ ಹೆಸರಿನ ಎಲೆಕ್ಟ್ರಿಕಲ್ ಸಾಮಾನೂ ದೇಶದಲ್ಲೇ ತಯಾರಾಯಿತು. ಆಮದು ನಿಲ್ಲಿಸಿದ ಕಾಲವೇ ಅಜ್ಜನ ಕಾರನ್ನು ಓಡಿಸಿತ್ತು.

ಹಾಗಂತ ಎಲ್ಲಾ ಭಾಗವೂ ಕೂರಲ್ಲ. ಎಂಜಿಎಗೆ ಎರಡು ಕಾರ್ಬೊರೇಟರ್. ಬಾಡಿಯಂತೂ ಪೂರ್ತಿ ಬೇರೆ. ಯಾವುದು ಕೂರುತ್ತೆ, ಯಾವುದು ಕೂರಲ್ಲ ಅಂತ ಬಲ್ಲವನೇ ನಂಬಬಹುದಾದ ಅಂಗಡಿಯವನು. ಇದು ನನಗೆ ದುಡ್ಡು ಕಳಕೊಂಡು ಬಂದ ಬುದ್ಧಿ.

ಆನ್‌ಲೈನಿನಲ್ಲಿ ಒಬ್ಬರ ಹತ್ರ ಬೇರಿಂಗ್ ಸೆಟ್ ತರಿಸಿದೆ. ಅವರು ಕೇಳಿದ್ದು ಅಡ್ರೆಸ್ ಒಂದೇ. ಡಬ್ಬಿ ಚೆಂದ, ಮೂರೇ ದಿನಕ್ಕೆ ಬಂತು. ಗೋಣಿಕೊಪ್ಪದ ನಮ್ಮ ಹಿರಿಯ ಮೆಕ್ಯಾನಿಕ್ ಅಳತೆ ಹಿಡಿದು ತಲೆ ಅಲ್ಲಾಡಿಸಿದ್ರು. ಕ್ರ್ಯಾಂಕ್ ಸವೆದಾಗ ಅದನ್ನು ಗ್ರೈಂಡ್ ಮಾಡಿ ತೆಳ್ಳಗೆ ಮಾಡ್ತಾರೆ. ಇಂಚಿನ ಸಾವಿರದ ಲೆಕ್ಕದಲ್ಲಿ 10, 20, 30 ಹೀಗೆ. ಬೇರಿಂಗ್ ಅಷ್ಟೇ ದಪ್ಪ ಆಗಬೇಕು. ನಮ್ಮದು ಅಜ್ಜನ ಕಾಲದಲ್ಲೇ 20ಕ್ಕೆ ಇಳಿದಿತ್ತು. ಬಂದದ್ದು ಹೊಸ ಕ್ರ್ಯಾಂಕಿನ ಅಳತೆ. "ಇದನ್ನ ಹಾಕಿದ್ರೆ ಆಯಿಲ್ ಪ್ರೆಷರ್ ನಿಲ್ಲಲ್ಲ. ಘಾಟಿಲಿ ಎಂಜಿನ್ ಹಿಡ್ಕೊಂಡ್ರೆ ಏನ್ ಮಾಡ್ತೀರಿ ಸಾರ್?" ಅಂದ್ರು.

ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆ ಅಲೆದೆ. ಮೂರು ಅಂಗಡಿಯಲ್ಲಿ "ಇದೆ, ಕೂತ್ಕೊಳಿ" ಅಂದ್ರು. ನಾಲ್ಕನೆಯದರಲ್ಲಿ ಕನ್ನಡಕದ ಮೇಲಿಂದ ನೋಡಿ, "ಗ್ರೈಂಡ್ ಆಗಿದೆಯಾ? ಎಷ್ಟು?" ಅಂದ್ರು. ಅಲ್ಲೇ ಕೂತೆ. ಬೇರಿಂಗ್ ಕೊಟ್ಟರು. ಬ್ರೇಕ್ ರಬ್ಬರ್ ಕೇಳಿದ್ದಕ್ಕೆ, "ನನ್ನ ಹತ್ರ ಇರೋದು ಹಳೇ ಸ್ಟಾಕು, ರಬ್ಬರ್ ಸೆಟೆದಿರುತ್ತೆ. ಬ್ರೇಕಿನ ವಿಷಯ, ಹೊರಗಿಂದ ಹೊಸದು ತರಿಸಿ" ಅಂದ್ರು. ವ್ಯಾಪಾರ ಬಿಟ್ಟು "ಇಲ್ಲ" ಅಂದ ಆ ಮನುಷ್ಯನಿಗೆ ಈಗ ಪ್ರತೀ ತಿಂಗಳೂ ಫೋನ್ ಮಾಡ್ತೀನಿ.

ಹೊರಗಿಂದ ತರಿಸುವುದು ಈಗ ಸುಲಭ. ಅಬಿಂಗ್ಡನ್‌ನ ಎಂಜಿ ಕಾರ್ಖಾನೆ 1980ರಲ್ಲೇ ಮುಚ್ಚಿತು. ಆದರೆ ಎಂಜಿಎ ಒಂದು ಲಕ್ಷಕ್ಕೂ ಹೆಚ್ಚು ತಯಾರಾಗಿತ್ತು. ಅಷ್ಟು ಗಿರಾಕಿಗಳಿದ್ದಾಗ ಅಂಗಡಿ ಮುಚ್ಚಲ್ಲ. ಇಂಗ್ಲೆಂಡಿನ ಬ್ರಿಟಿಷ್ ಮೋಟರ್ ಹೆರಿಟೇಜ್ ಹಳೇ ಕಾರುಗಳಿಗೆ ಹೊಸ ಭಾಗ ಮಾಡಿಸುತ್ತದೆ. 1948ರಲ್ಲಿ ಅಮೆರಿಕದಲ್ಲಿ ಶುರುವಾದ ಮಾಸ್ ಮೋಟರ್ಸ್ ಇಂಥ ಕಾರುಗಳ ಭಾಗಗಳನ್ನೇ ಮಾರುತ್ತದೆ. ಕಷ್ಟ ಈಗ ಇಲ್ಲಿಯದಕ್ಕೆ. ಅಂಬಾಸಿಡರ್ 2014ರಲ್ಲಿ ನಿಂತಿತು. ಜೆ.ಸಿ. ರಸ್ತೆಯ ಕಪಾಟುಗಳಲ್ಲಿ ಉಳಿದದ್ದು ಮುಗಿದರೆ ಮುಗಿಯಿತು. ಜೊತೆಗೆ ಯಾವುದು ಯಾವುದಕ್ಕೆ ಕೂರುತ್ತದೆಂದು ಬಲ್ಲವರೂ.

ಮೊನ್ನೆ ಎಂಜಿನ್ ಶುರುವಾಯ್ತು. ಬ್ರೇಕ್ ಸಾಮಾನು ದಾರಿಯಲ್ಲಿದೆ. ಅಲ್ಲಿವರೆಗೆ ಗೋಡೌನ್ ದಾಟಲ್ಲ. ಅಪ್ಪ ಕೊಯ್ಲಿನ ತನಕ ಗಡುವು ಕೊಟ್ಟಿದ್ದಾರೆ. ನಾನು ಹೊಸ ಬಿಲ್ಲನ್ನು ಅಜ್ಜನ ಡಬ್ಬಿಗೆ ಹಾಕಿ, ಅದರ ಹಿಂದೆ ದೊಡ್ಡದಾಗಿ ಬರೆದಿಟ್ಟಿದ್ದೀನಿ: "ಕ್ರ್ಯಾಂಕ್ 20. ಕೇಳದೆ ಕೊಡುವವರ ಹತ್ರ ಕೊಳ್ಳಬೇಡಿ."