ಗುದ್ದಿ ಓಡಿಹೋದವನು ಸಿಗದಿದ್ದರೆ ಪರಿಹಾರ ಕೊಡೋರು ಯಾರು?

2024ರ ಜನವರಿ ಆರಂಭದಲ್ಲಿ ದೇಶದ ಹಲವೆಡೆ ಲಾರಿ ಚಾಲಕರು ಮುಷ್ಕರ ಹೂಡಿದ್ದು ನೆನಪಿರಬಹುದು. ಅಜಾಗರೂಕತೆಯಿಂದ ಗಾಡಿ ಓಡಿಸಿ ಸಾವಿಗೆ ಕಾರಣನಾದವನು ಪೊಲೀಸರಿಗೆ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು ಅನ್ನುತ್ತಿದ್ದ ಭಾರತೀಯ ನ್ಯಾಯ ಸಂಹಿತೆಯ ಕಲಂ 106(2) ಅವರ ಸಿಟ್ಟಿಗೆ ಕಾರಣ. ಸರ್ಕಾರ ಹಿಂದೆ ಸರಿಯಿತು. ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಕಲಂ ಹೊರಗೇ ಉಳಿಯಿತು. ಓಡಿಹೋದವನಿಗೆ ಏನು ಶಿಕ್ಷೆ ಅಂತ ನಾವು ಜೋರಾಗಿ ವಾದ ಮಾಡಿದೆವು. ಗುದ್ದಿಸಿಕೊಂಡವರಿಗೆ ಏನು ಸಿಗಬೇಕು ಅನ್ನೋದು ಚರ್ಚೆಗೇ ಬರಲಿಲ್ಲ. ಅದಕ್ಕೇ ಈ ಬರಹ.

ಮೊದಲ ಒಂದೆರಡು ಗಂಟೆ

ಯಾರಿಗಾದರೂ ಗಾಯವಾಗಿದ್ದರೆ 112ಕ್ಕೆ ಕರೆ ಮಾಡಿ. ಓಡಿಹೋದ ಗಾಡಿಯನ್ನು ಬೆನ್ನಟ್ಟಬೇಡಿ. ಕಂಡಷ್ಟು ನಂಬರ್, ಬಣ್ಣ, ಹೋದ ದಿಕ್ಕು ಬರೆದುಕೊಳ್ಳಿ, ಫೋಟೊ ತೆಗೆಯಿರಿ. ಹತ್ತಿರದ ಅಂಗಡಿ, ಪೆಟ್ರೋಲ್ ಬಂಕ್‌ನವರಿಗೆ ಸಿಸಿಟಿವಿ ದೃಶ್ಯ ಉಳಿಸಿಡಲು ಹೇಳಿ. ಗಾಯ ಅಥವಾ ಸಾವಾಗಿದ್ದು, ಠಾಣೆಯವರು ‘ಇದು ನಮ್ಮ ಲಿಮಿಟ್ ಅಲ್ಲ’ ಅಂದರೆ ಝೀರೋ ಎಫ್‌ಐಆರ್ ಕೇಳಿ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173 ಅದಕ್ಕೆ ಅವಕಾಶ ಕೊಟ್ಟಿದೆ.

ಕಾರಿನ ಲೆಕ್ಕ

ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ನಿಮ್ಮ ಕಾರಿನ ರಿಪೇರಿಗೆ ನಿಮ್ಮ ಕಂಪನಿಯಿಂದ ಏನೂ ಬರಲ್ಲ. ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ, ಗುದ್ದಿದವನು ಸಿಗದಿದ್ದರೂ ಓನ್ ಡ್ಯಾಮೇಜ್ ಕ್ಲೇಮ್ ಮಾಡಬಹುದು. ಕಂಪನಿಗೆ ಕೂಡಲೇ ತಿಳಿಸಿ. ಕಂಪನಿಯವರು ನೋಡುವ ಮೊದಲು ರಿಪೇರಿಗೆ ಕೈ ಹಾಕಿಸಬೇಡಿ.

ಆದರೆ ಸಣ್ಣ ಏಟಿಗೆ ಕ್ಲೇಮ್ ಬೇಕಾ ಅಂತ ಲೆಕ್ಕ ಹಾಕಿ. 6,000 ರೂಪಾಯಿಯ ಪ್ಲಾಸ್ಟಿಕ್ ಬಂಪರ್ ಅಂದುಕೊಳ್ಳಿ. ಝೀರೋ ಡೆಪ್ ಇಲ್ಲದಿದ್ದರೆ ಪ್ಲಾಸ್ಟಿಕ್‌ಗೆ ಸವಕಳಿ 50%. 1,500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000 ರೂ. ಉಳಿಯೋದು 2,000. ಅದಕ್ಕಾಗಿ, ಐದು ವರ್ಷ ಕ್ಲೇಮ್ ಮಾಡದೆ ಗಳಿಸಿದ 50% ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿಯುತ್ತೆ.

ಕ್ಲೇಮ್ ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಿ. ವಕೀಲರೂ ಬೇಡ, ಶುಲ್ಕವೂ ಇಲ್ಲ.

ಜೀವದ ಲೆಕ್ಕ

ಇಷ್ಟೆಲ್ಲ ಕಾರು ಇದ್ದವರ ಮಾತು. ರಾತ್ರಿ ಹೆದ್ದಾರಿ ದಾಟುವಾಗ ಅಪರಿಚಿತ ವಾಹನಕ್ಕೆ ಸಿಕ್ಕವರ ಮನೆಯವರಿಗೆ ಯಾವ ಆ್ಯಪ್‌ನಿಂದಲೂ ಮೆಸೇಜ್ ಬರಲ್ಲ. ಅವರಿಗೂ ಕಾನೂನು ಇದೆ: ಮೋಟಾರು ವಾಹನ ಕಾಯ್ದೆಯ ಕಲಂ 161. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯ ಪ್ರಕಾರ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ಅದಕ್ಕೂ ಮುಂಚೆ 25,000 ಮತ್ತು 12,500 ಇತ್ತು.

ಅರ್ಜಿ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್‌ಗೆ ಕೊಡಬೇಕು. ಎಫ್‌ಐಆರ್, ಮರಣೋತ್ತರ ಪರೀಕ್ಷೆ ಅಥವಾ ಗಾಯದ ವರದಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಜೊತೆಗಿರಲಿ. ವಿಚಾರಣೆಗೆ ಒಂದು ತಿಂಗಳು, ಜಿಲ್ಲಾಧಿಕಾರಿ ಮಂಜೂರಾತಿಗೆ 15 ದಿನ, ಹಣ ಪಾವತಿಗೆ ಇನ್ನು 15 ದಿನ ಅಂತ ನಿಯಮ. ಮುಂದೆ ಗಾಡಿ ಪತ್ತೆಯಾದರೆ ಪೂರ್ಣ ಪರಿಹಾರ ಕೇಳುವ ದಾರಿ ಮುಚ್ಚಲ್ಲ. ಆಗ ಈ ಮೊತ್ತ ಅದರಲ್ಲಿ ಕಡಿತವಾಗುತ್ತೆ.

ಎಷ್ಟು ಜನ ಕೇಳಿದರು? ಲಾರಿ ಮುಷ್ಕರ ನಡೆದ ಅದೇ ಜನವರಿಯ 12ರಂದು ಸುಪ್ರೀಂ ಕೋರ್ಟ್ ಎಸ್. ರಾಜಶೇಖರನ್ ಪ್ರಕರಣದಲ್ಲಿ ಕೊಟ್ಟ ಆದೇಶದಲ್ಲಿ ಅಂಕಿ ಇದೆ. 2022ರಲ್ಲಿ ಇಂಥ ಅಪಘಾತಗಳು 67,387. 2022-23ರ ಹಣಕಾಸು ವರ್ಷದಲ್ಲಿ ಬಂದ ಅರ್ಜಿ 205. ಇತ್ಯರ್ಥವಾಗಿದ್ದು 95.

ಗಾಡಿ ಒಂದು ತಿಂಗಳಲ್ಲಿ ಪತ್ತೆಯಾಗದಿದ್ದರೆ ಪೊಲೀಸರೇ ಈ ಯೋಜನೆಯ ಬಗ್ಗೆ ಗಾಯಾಳು ಅಥವಾ ಮೃತರ ವಾರಸುದಾರರಿಗೆ ಲಿಖಿತವಾಗಿ ತಿಳಿಸಬೇಕು ಅಂತ ಕೋರ್ಟ್ ಹೇಳಿದೆ. ಮೊತ್ತವನ್ನು ವರ್ಷವರ್ಷ ಏರಿಸುವ ಬಗ್ಗೆ ಯೋಚಿಸಿ ಅಂತಲೂ ಕೇಂದ್ರಕ್ಕೆ ಸೂಚಿಸಿದೆ.

ಒಂದು ಜೀವಕ್ಕೆ 2 ಲಕ್ಷ ನ್ಯಾಯವೇ ಅಂತ ಕೇಳಿದರೆ ನಾನು ಅಲ್ಲ ಅಂತಲೇ ಹೇಳ್ತೀನಿ. ಆದರೆ ಆ 2 ಲಕ್ಷವನ್ನೂ ಕೇಳೋರಿಲ್ಲದೆ ಬಿಡೋದು ಇನ್ನೂ ದೊಡ್ಡ ಅನ್ಯಾಯ. ನಿಮ್ಮ ಠಾಣೆಯಿಂದ ಹೋದ ವರ್ಷ ಇಂಥ ಎಷ್ಟು ಪತ್ರ ಹೋಗಿದೆ? ಆರ್‌ಟಿಐ ಅರ್ಜಿಗೆ ಇದಕ್ಕಿಂತ ಒಳ್ಳೆ ಪ್ರಶ್ನೆ ಬೇಕಾ?