ಹೆರಿಗೆ ನಂತರದ ರಕ್ತಸ್ರಾವ: ಪಕ್ಕದ ಬೆಳಗಾವಿಯಲ್ಲಿ ನಡೆದ ಔಷಧ ಪ್ರಯೋಗಗಳು ಏನು ಹೇಳ್ತವೆ? ಪೂರ್ತಿ ಮಾಹಿತಿ ಇಲ್ಲಿದೆ

ಹುಬ್ಬಳ್ಳಿ: ಹೊಸ ಔಷಧ ಬಂದಿದೆ, ಅಪಾಯ ಶೇ 33ರಷ್ಟು ಕಡಿಮೆ ಆಗುತ್ತೆ, ಈ ಗುಳಿಗೆ ತಗೊಂಡ್ರೆ ಬಾಣಂತಿಗೆ ಏನೂ ಆಗಲ್ಲ. ಇಂಥ ಮೆಸೇಜುಗಳು ವಾಟ್ಸಾಪ್ ಗ್ರೂಪುಗಳಲ್ಲಿ ದಿನಾ ಓಡಾಡ್ತವೆ. ಕೆಲವು ನಿಜ, ಕೆಲವು ಅರ್ಧ ನಿಜ. ಬಾಣಂತಿಯರ ಜೀವ ಉಳಿಸೋ ವಿಷಯದಲ್ಲಿ ಜಗತ್ತೇ ಓದಿದ ಕೆಲವು ದೊಡ್ಡ ಸಂಶೋಧನೆಗಳಿಗೆ ಧಾರವಾಡದಿಂದ ಬಸ್ಸಿನಲ್ಲಿ ಎರಡು ತಾಸಿನೊಳಗೆ ಮುಟ್ಟೋ ಬೆಳಗಾವಿಯ ಹೆಣ್ಣುಮಕ್ಕಳೇ ಕಾರಣ ಅನ್ನೋದು ನಮ್ಮ ಕಡೆ ಬಹಳ ಮಂದಿಗೆ ಗೊತ್ತಿಲ್ಲ. ಮನೆಯಲ್ಲಿ ಬಸುರಿ ಇದ್ದವರು, ಮೆಡಿಕಲ್ ಶಾಪ್ ಇಟ್ಟವರು, ಆಶಾ ಕಾರ್ಯಕರ್ತೆಯರು ಓದಿ ಇಟ್ಟುಕೊಳ್ಳಲಿ ಅಂತ ಇಲ್ಲಿ ಒಟ್ಟು ಮಾಡಿದ್ದೇವೆ.

ಮೊದಲು ಕಾಯಿಲೆ ಏನು ಅಂತ ತಿಳಿಯೋಣ

ಮಗು ಹುಟ್ಟಿ, ಕಸ ಬಿದ್ದ ಮೇಲೆ ಗರ್ಭಕೋಶ ಮುಷ್ಟಿ ಹಿಡಿದಂತೆ ಬಿಗಿ ಆಗಬೇಕು. ಹಾಗೆ ಬಿಗಿಯಾದಾಗಲೇ ಒಳಗೆ ತೆರೆದುಕೊಂಡ ರಕ್ತನಾಳಗಳು ಮುಚ್ಚೋದು. ಬಿಗಿ ಆಗದೆ ಸಡಿಲ ಉಳಿದರೆ ರಕ್ತ ನಲ್ಲಿ ಬಿಟ್ಟಂತೆ ಹೋಗುತ್ತೆ. 500 ಮಿಲಿ ದಾಟಿದರೆ ಅದನ್ನು ಹೆರಿಗೆ ನಂತರದ ರಕ್ತಸ್ರಾವ ಅಂತ ವೈದ್ಯರು ಲೆಕ್ಕ ಹಿಡೀತಾರೆ, ಸಾವಿರ ಮಿಲಿ ದಾಟಿದರೆ ತೀವ್ರ. ಎರಡೇ ತಾಸಿನಲ್ಲಿ ಜೀವ ಹೋಗಬಹುದು. ಮೊದಲೇ ರಕ್ತ ಕಡಿಮೆ ಇದ್ದವರಿಗೆ ಅಷ್ಟು ಹೊತ್ತೂ ಬೇಕಾಗಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಅಂದ್ರೆ ಹೆಚ್ಚುಕಡಿಮೆ ಅರ್ಧ.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 70 ಸಾವಿರ ತಾಯಂದಿರು ಇದೊಂದರಿಂದಲೇ ಸಾಯ್ತಾರೆ ಅನ್ನೋದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಾಗಿತ್ತು. ಕರ್ನಾಟಕದಲ್ಲಿ 2001-03ರ ಹೊತ್ತಿಗೆ ಒಂದು ಲಕ್ಷ ಜೀವಂತ ಹೆರಿಗೆಗೆ 228 ತಾಯಂದಿರು ಸಾಯ್ತಿದ್ದರು (ಎಲ್ಲಾ ಕಾರಣ ಸೇರಿ). 2018-20ರ ಲೆಕ್ಕದಲ್ಲಿ ಅದು 69ಕ್ಕೆ ಇಳಿದಿತ್ತು. ಇಳಿದಿದೆ ಅಂತ ಸುಮ್ಮನೆ ಕೂರೋ ಹಾಗಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಸಂಶಯ ಬಿದ್ದದ್ದು ರಕ್ತನಾಳಕ್ಕೆ ಹಾಕೋ ಸಲೈನ್ ಬಾಟಲಿ ಮೇಲೆ. ಕಾಯಿಲೆ ಬೇರೆ, ಆದರೆ ಬಾಣಂತಿಗೆ ಕೊಡೋ ಔಷಧದ ಗುಣಮಟ್ಟ ಎಷ್ಟು ದೊಡ್ಡ ವಿಷಯ ಅಂತ ಇಡೀ ರಾಜ್ಯಕ್ಕೆ ಗೊತ್ತಾಯ್ತು.

2002ರಲ್ಲಿ ಶುರುವಾದ ಗುಳಿಗೆ ಪ್ರಯೋಗ

ರಕ್ತ ನಿಲ್ಲಿಸೋಕೆ ಆಕ್ಸಿಟೋಸಿನ್ ಇಂಜೆಕ್ಷನ್ ಬಹಳ ಹಿಂದಿನಿಂದ ಇದೆ, ಒಳ್ಳೆಯದೂ ಹೌದು. ತೊಂದರೆ ಏನಂದ್ರೆ ಅದನ್ನು 2ರಿಂದ 8 ಡಿಗ್ರಿ ತಣ್ಣಗೆ ಇಡಬೇಕು, ಚುಚ್ಚೋಕೆ ಬಲ್ಲವರು ಬೇಕು. ಇಪ್ಪತ್ತು ವರ್ಷದ ಹಿಂದೆ ಹಳ್ಳಿಯಲ್ಲಿ ಹೆರಿಗೆ ಮಾಡಿಸ್ತಿದ್ದ ಎಎನ್‌ಎಂ ಸಿಸ್ಟರುಗಳಿಗೆ ಆ ಇಂಜೆಕ್ಷನ್ ಕೊಡೋ ಅನುಮತಿಯೇ ಇರಲಿಲ್ಲ.

ಹಾಗಾದರೆ ಬಾಯಿಗೆ ಹಾಕೋ ಗುಳಿಗೆ ಕೆಲಸ ಮಾಡುತ್ತಾ? ಈ ಪ್ರಶ್ನೆ ಇಟ್ಟುಕೊಂಡು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಡಾ. ಬಿ.ಎಸ್. ಕೊಡ್ಕಣಿ, ಡಾ. ಎಸ್.ಎಸ್. ಗೌಡರ್, ಡಾ. ಎಂ.ಬಿ. ಬೆಲ್ಲದ ಮತ್ತು ಸಂಗಡಿಗರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಜೊತೆ ಸೇರಿ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಪ್ರಯೋಗ ನಡೆಸಿದರು. 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್ ತನಕ. ಒಟ್ಟು 1,620 ಹೆಣ್ಣುಮಕ್ಕಳು. ಹೆರಿಗೆ ಆಗಿದ್ದು ಮನೆಯಲ್ಲಿ ಇಲ್ಲಾ ಉಪಕೇಂದ್ರದಲ್ಲಿ, ಮಾಡಿಸಿದ್ದು 25 ಎಎನ್‌ಎಂಗಳು. ದೊಡ್ಡ ಡಾಕ್ಟರ್ ಪಕ್ಕದಲ್ಲಿ ನಿಂತಿರಲಿಲ್ಲ.

ಲಾಟರಿ ಎತ್ತಿದ ರೀತಿಯಲ್ಲಿ 812 ಮಂದಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, 808 ಮಂದಿಗೆ ಅದರ ಹಾಗೇ ಕಾಣೋ, ಔಷಧ ಇಲ್ಲದ ಹುಸಿ ಗುಳಿಗೆ. ಯಾರಿಗೆ ಯಾವುದು ಅಂತ ತಾಯಿಗೂ ಗೊತ್ತಿಲ್ಲ, ಕೊಟ್ಟ ಸಿಸ್ಟರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಮನಸ್ಸು ಒಂದು ಕಡೆ ವಾಲುತ್ತೆ, ಅಳತೆ ಸುಳ್ಳಾಗುತ್ತೆ. ಅದಕ್ಕೇ ಈ ಕಣ್ಣುಮುಚ್ಚಾಲೆ.

2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹುಸಿ ಗುಳಿಗೆ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ ರಕ್ತಸ್ರಾವ ಆಗಿತ್ತು, ಔಷಧದ ಗುಂಪಿನಲ್ಲಿ 6.4. ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ ಇಳಿದಿತ್ತು. ಅಡ್ಡ ಪರಿಣಾಮ ಅಂದ್ರೆ ಸ್ವಲ್ಪ ಹೊತ್ತು ನಡುಕ, ಜ್ವರ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಮಿಸೊಪ್ರೊಸ್ಟಾಲ್ ಅನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಕ್ಸಿಟೋಸಿನ್ ಸಿಗದ ಕಡೆ ಇದನ್ನು ಕೊಡಬಹುದು ಅಂತ.

ಅರ್ಧ ಮಂದಿಗೆ ಹುಸಿ ಗುಳಿಗೆ ಕೊಟ್ಟದ್ದು ಸರಿನಾ ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಆವತ್ತು ಆ ಹಳ್ಳಿಗಳಲ್ಲಿ ಎಎನ್‌ಎಂ ಹೆರಿಗೆಯಲ್ಲಿ ಯಾವ ಔಷಧವೂ ಕೊಡ್ತಿರಲಿಲ್ಲ, ಹಾಗಾಗಿ ಇದ್ದದ್ದನ್ನು ಯಾರಿಂದಲೂ ಕಿತ್ತುಕೊಂಡಿರಲಿಲ್ಲ ಅನ್ನೋದು ಒಂದು ಉತ್ತರ. ಇವತ್ತು ಪ್ರತಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇರೋವಾಗ ಹಾಗೆ ಮಾಡೋಕೆ ಯಾವ ಸಮಿತಿಯೂ ಒಪ್ಪಲ್ಲ, ಒಪ್ಪಲೂಬಾರದು.

ಅಳತೆ ಚೀಲದ ಕಥೆ

ನನಗೆ ಗುಳಿಗೆಗಿಂತ ದೊಡ್ಡದು ಅನ್ನಿಸಿದ್ದು ಇದು. ರಕ್ತ ಎಷ್ಟು ಹೋಯ್ತು ಅಂತ ತಿಳಿಯೋದು ಹೇಗೆ? ಹಳೇ ಸೀರೆ, ಬಟ್ಟೆ, ಚಾಪೆ ಎಲ್ಲಾ ಹೀರಿಕೊಂಡಿರುತ್ತೆ. ಕಣ್ಣಂದಾಜಿನಲ್ಲಿ "ಅಷ್ಟೇನ್ ಹೋಗಿಲ್ಲ ಬಿಡ್ರಿ" ಅಂದುಬಿಡ್ತಾರೆ. ಬೆಳಗಾವಿ ತಂಡ ತಾಯಿಯ ಸೊಂಟದ ಕೆಳಗೆ ಹಾಸೋ ಪ್ಲಾಸ್ಟಿಕ್ ಹಾಳೆ ಬಳಸಿತು. ಅದರ ತುದಿ ಆಲಿಕೆಯ ಹಾಗೆ ಇಳಿದು ಚೀಲ ಆಗುತ್ತೆ, ಚೀಲದ ಮೇಲೆ ಮಿಲಿ ಗೆರೆಗಳು. ಹಾಲಿನ ಅಳತೆ ಪಾತ್ರೆ ನೋಡಿದ ಹಾಗೆ ನೋಡಿ ಹೇಳಬಹುದು. ಇದನ್ನು ಕಣ್ಣಂದಾಜಿನ ಜೊತೆ ಹೋಲಿಸಿದ ಇನ್ನೊಂದು ಅಧ್ಯಯನವೂ 2006ರಲ್ಲೇ ಪ್ರಕಟ ಆಯ್ತು. ಕಣ್ಣಂದಾಜಿನ ಗುಂಪಿನಲ್ಲಿ ಸರಾಸರಿ 203 ಮಿಲಿ, ಚೀಲದ ಗುಂಪಿನಲ್ಲಿ 303 ಮಿಲಿ. ಮೂರನೇ ಒಂದು ಭಾಗ ರಕ್ತ ನಮ್ಮ ಕಣ್ಣಿಗೆ ಬೀಳೋದೇ ಇಲ್ಲ!

ಇಂಥದೇ ಗೆರೆ ಇರೋ ಚೀಲವನ್ನು 2023ರಲ್ಲಿ ಪ್ರಕಟವಾದ ಆಫ್ರಿಕಾದ ದೊಡ್ಡ ಪ್ರಯೋಗದಲ್ಲಿ ಬಳಸಿದರು. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಚೀಲದಿಂದ ಬೇಗ ಗುರುತಿಸಿ, ಮಸಾಜ್, ಔಷಧ, ಸಲೈನ್ ಎಲ್ಲಾ ಒಟ್ಟಿಗೆ ಕೊಟ್ಟ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ ಅಥವಾ ಅದರಿಂದ ಆಪರೇಷನ್, ಸಾವು ನೂರಕ್ಕೆ 1.6 ಆಗಿತ್ತು, ಎಂದಿನಂತೆ ನಡೆಸಿದ ಆಸ್ಪತ್ರೆಗಳಲ್ಲಿ 4.3.

ಆಮೇಲೆ ಬಂದ ಪ್ರಯೋಗಗಳು

2018: ಫ್ರಿಜ್ ಬೇಡದ ಕಾರ್ಬೆಟೋಸಿನ್ ಇಂಜೆಕ್ಷನ್. 10 ದೇಶ, 29,645 ಹೆಣ್ಣುಮಕ್ಕಳು, ಬೆಳಗಾವಿಯೂ ಅದರಲ್ಲಿತ್ತು. 500 ಮಿಲಿ ಅಳತೆಯಲ್ಲಿ ಆಕ್ಸಿಟೋಸಿನ್‌ಗೆ ಸರಿಸಮ. ಏಪ್ರಿಲ್-ಮೇ ಬಿಸಿಲು, ಕರೆಂಟ್ ಹೋಗೋ ನಮ್ಮ ನವಲಗುಂದ, ಕುಂದಗೋಳ ಕಡೆ ಇದರ ಬೆಲೆ ಬೇಗ ಅರ್ಥ ಆಗುತ್ತೆ. ಮೆಡಿಕಲ್ ಅಂಗಡಿಯವರಿಗೆ ಒಂದು ಮಾತು: ಆಕ್ಸಿಟೋಸಿನ್ ಫ್ರಿಜ್ ಬಾಗಿಲಲ್ಲಿ ಇಡಬೇಡಿ, ಬಾಗಿಲು ತೆಗೆದಾಗೆಲ್ಲಾ ಬಿಸಿ ಗಾಳಿ ಬಡಿಯೋ ಜಾಗ ಅದು.

2020: ಆಸ್ಪಿರಿನ್. ಬೆಳಗಾವಿ, ನಾಗಪುರ ಸೇರಿ ಆರು ದೇಶ, ಚೊಚ್ಚಲ ಬಸುರಿಯರು 11,976. ದಿನಕ್ಕೆ 81 ಮಿಲಿಗ್ರಾಂ, 14 ವಾರ ತುಂಬೋ ಒಳಗೆ ಶುರು ಮಾಡಿ 36ನೇ ವಾರ ಮುಗಿಯೋ ತನಕ. ದಿನ ತುಂಬದ ಹೆರಿಗೆ ನೂರಕ್ಕೆ 13.1ರಿಂದ 11.6ಕ್ಕೆ ಇಳಿಯಿತು. ನಮ್ಮ ಕಡೆ ಇಲ್ಲೊಂದು ತೊಡಕು ಇದೆ. ಚೊಚ್ಚಲ ಹೆರಿಗೆ ತವರಲ್ಲಿ. ಗಂಡನ ಊರಿನ ಡಾಕ್ಟರ್ ಆಸ್ಪಿರಿನ್ ಬರೆದಿರ್ತಾರೆ, ಕುಪ್ಪಸ ಮುಗಿಸಿ ತವರಿಗೆ ಹೋದ ಮೇಲೆ ಅಲ್ಲಿಯ ಡಾಕ್ಟರಿಗೆ ಅದು ಗೊತ್ತೇ ಇರಲ್ಲ. ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ, ಯಾವಾಗ ನಿಲ್ಲಿಸಬೇಕು ಅನ್ನೋದನ್ನೂ ಸೇರಿಸಿ.

2023: ಅಜಿತ್ರೋಮೈಸಿನ್. ಏಳು ದೇಶ, 29,278 ಹೆಣ್ಣುಮಕ್ಕಳು, ಮತ್ತೆ ಬೆಳಗಾವಿ ಇದೆ. ಸಹಜ ಹೆರಿಗೆಗೆ ಸಿದ್ಧರಾಗಿ ನೋವು ಶುರುವಾದವರಿಗೆ ಒಂದೇ ಸಲ 2 ಗ್ರಾಂ. ತಾಯಿಗೆ ನಂಜು ಏರೋದು ಅಥವಾ ಸಾವು 2.4ರಿಂದ 1.6ಕ್ಕೆ ಇಳಿಯಿತು. ಮಗುವಿಗೆ ಮಾತ್ರ ಏನೂ ಲಾಭ ಕಾಣಲಿಲ್ಲ.

ಶೇಕಡಾ ಲೆಕ್ಕದಲ್ಲಿ ಮೋಸ ಹೋಗಬೇಡಿ

ಅಂಗಡಿ ಲೆಕ್ಕ ಬಲ್ಲವರಿಗೆ ಇದು ಸುಲಭ. ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೇ ಬಂತು ಅಂದ್ಮೇಲೆ ನಿಮಗೆ ಬಂದೇ ಬರುತ್ತೆ. 2.4 ಇದ್ದದ್ದು 1.6 ಆದರೆ ಶೇ 33 ಕಡಿಮೆ, ಸರಿ. ಹೆಡ್‌ಲೈನ್ ಆಗೋದು ಇದೇ. ಆದರೆ ನೂರು ಮಂದಿಯಲ್ಲಿ ಲಾಭ ಆಗಿದ್ದು 0.8 ಮಂದಿಗೆ. ನೂರನ್ನು 0.8ರಿಂದ ಭಾಗಿಸಿ, 125 ಬರುತ್ತೆ. ಅಂದ್ರೆ 125 ತಾಯಂದಿರಿಗೆ ಕೊಟ್ಟರೆ ಒಬ್ಬರು ಪಾರಾಗ್ತಾರೆ. ಆಸ್ಪಿರಿನ್‌ನಲ್ಲಿ ಇದೇ ಲೆಕ್ಕ ಸುಮಾರು 67. ಬೆಳಗಾವಿಯ ಮಿಸೊಪ್ರೊಸ್ಟಾಲ್‌ನಲ್ಲಿ ಬರೀ 18. ಯಾವುದು ಎಷ್ಟು ಗಟ್ಟಿ ಅಂತ ಈಗ ನೀವೇ ಹೇಳಬಹುದು. ಹಾಗಂತ 125 ಕಡಿಮೆ ಅಲ್ಲ, ಆ ಒಬ್ಬಳು ಯಾರ ಮನೆ ಮಗಳು ಅಂತ ಯಾರಿಗೆ ಗೊತ್ತು.

ಹೋಲಿಕೆ ಗುಂಪು ಇಲ್ಲದೆ ಬರೀ "ಕೊಟ್ವಿ, ವಾಸಿ ಆಯ್ತು" ಅನ್ನೋದನ್ನು ನಂಬಬೇಡಿ. 2020ರಲ್ಲಿ ನಮ್ಮ ಕಿಮ್ಸ್‌ನಲ್ಲಿ (ಈಗಿನ ಕೆಎಂಸಿಆರ್‌ಐ) ಕೋವಿಡ್ ರೋಗಿಗೆ ಪ್ಲಾಸ್ಮಾ ಕೊಟ್ಟು ಗುಣ ಆದ ಸುದ್ದಿ ನೆನಪಿರಬೇಕು, ಊರೆಲ್ಲಾ ಖುಷಿಪಟ್ಟಿತ್ತು. ಅದೇ ವರ್ಷ ಐಸಿಎಂಆರ್ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿತು. ಕಾಯಿಲೆ ತೀವ್ರ ಆಗಿದ್ದು ಅಥವಾ ಸಾವು ಪ್ಲಾಸ್ಮಾ ಗುಂಪಿನಲ್ಲಿ ನೂರಕ್ಕೆ 19, ಕೊಡದ ಗುಂಪಿನಲ್ಲಿ 18. ವ್ಯತ್ಯಾಸವೇ ಇಲ್ಲ. 2021ರ ಮೇನಲ್ಲಿ ಮಾರ್ಗಸೂಚಿಯಿಂದ ತೆಗೆದರು. ಡಾಕ್ಟರುಗಳು ಸುಳ್ಳು ಹೇಳಿದ್ದರು ಅಂತಲ್ಲ, ಒಬ್ಬಿಬ್ಬರನ್ನು ನೋಡಿ ಹೇಳೋಕೆ ಆಗಲ್ಲ ಅಷ್ಟೇ.

ಈ ಗುಳಿಗೆ ನಾವೇ ತರಬಹುದಾ?

ಬೇಡ. ಮಿಸೊಪ್ರೊಸ್ಟಾಲ್ ಗರ್ಭಪಾತಕ್ಕೂ ಬಳಸೋ ಔಷಧ. ಮಗು ಹುಟ್ಟೋ ಮೊದಲು ತಪ್ಪು ಅಳತೆಯಲ್ಲಿ ಕೊಟ್ಟರೆ ಗರ್ಭಕೋಶವೇ ಹರಿದು ಹೋಗಬಹುದು. ಚೀಟಿ ಇಲ್ಲದೆ ಮಾರೋದು ಕಾನೂನು ಪ್ರಕಾರ ತಪ್ಪು, ಗುರುತಿನವರು ಬಂದು ಕೇಳಿದರೂ ಅಷ್ಟೇ. ಆಸ್ಪಿರಿನ್, ಅಜಿತ್ರೋಮೈಸಿನ್ ಕೂಡ ಡಾಕ್ಟರ್ ಹೇಳದೆ ಬಸುರಿಗೆ ಕೊಡಬೇಡಿ. ಮನೆಯವರು ಮಾಡಬೇಕಾದ್ದು ಬೇರೆ ಇದೆ: ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ, ರಕ್ತದ ಗುಂಪು ಮೊದಲೇ ತಿಳಿದಿರಲಿ, ರಕ್ತ ಕೊಡೋ ಇಬ್ಬರು ತಯಾರಿರಲಿ. ಮನೆಗೆ ಬಂದ ಮೇಲೂ ಬಟ್ಟೆ ಬೇಗ ಬೇಗ ತೊಯ್ತಿದ್ದರೆ, ತಲೆ ಸುತ್ತು, ಮೈ ತಣ್ಣಗೆ, ಬೆವರು ಇದ್ದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.

ಪ್ರಯೋಗಕ್ಕೆ ಸೇರಿ ಅಂತ ಕೇಳಿದರೆ?

ಪ್ರಯೋಗ ಅಂದ ಕೂಡಲೇ "ನಾವೇನ್ ಇಲಿ ಏನ್ರಿ" ಅನ್ನೋರು ಇದ್ದಾರೆ. ಡಾಕ್ಟರ್ ಕೊಟ್ಟ ಕಾಗದಕ್ಕೆ ನೋಡದೆ ಸಹಿ ಹಾಕೋರೂ ಇದ್ದಾರೆ. ಎರಡೂ ಬೇಡ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಒಪ್ಪಿಗೆ ಪತ್ರ ನಿಮಗೆ ತಿಳಿಯೋ ಭಾಷೆಯಲ್ಲಿ ಇರಬೇಕು. ಓದೋಕೆ ಬಾರದವರಿಗೆ ಆಸ್ಪತ್ರೆಗೆ ಸಂಬಂಧ ಇಲ್ಲದ ಸಾಕ್ಷಿಯ ಮುಂದೆ ಓದಿ ಹೇಳಬೇಕು. ಒಂದು ಪ್ರತಿ ನಿಮ್ಮ ಕೈಗೆ ಕೊಡಬೇಕು. ಯಾವಾಗ ಬೇಕಾದರೂ ಬಿಟ್ಟು ಹೊರಗೆ ಬರಬಹುದು, ಬಂದರೆ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ. ಪ್ರಯೋಗದಿಂದ ಹಾನಿ ಆದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಇದೆ.

ಒಪ್ಪಿಗೆ ಕೊಡೋ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರು ಇರಬೇಕು. ಅದರಲ್ಲಿ ಒಬ್ಬ ಮಹಿಳೆ, ವೈದ್ಯರಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ಅರ್ಧದಷ್ಟು ಮಂದಿ ಆ ಸಂಸ್ಥೆಯ ಹೊರಗಿನವರು. ಸಮಿತಿಯ ಫೋನ್ ನಂಬರ್ ಒಪ್ಪಿಗೆ ಪತ್ರದಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಸಹಿ ಮಾಡೋ ಮೊದಲೇ ಕೇಳಿ. ಅನುಮಾನ ಬಂದರೆ ಭಾರತದ ಕ್ಲಿನಿಕಲ್ ಪ್ರಯೋಗ ನೋಂದಣಿ ವೆಬ್‌ಸೈಟ್, ಅಂದ್ರೆ ಸಿಟಿಆರ್‌ಐನಲ್ಲಿ ಪ್ರಯೋಗದ ಹೆಸರು ಹಾಕಿ ಹುಡುಕಬಹುದು. 2009ರ ಜೂನ್‌ನಿಂದ ಔಷಧ ಪ್ರಯೋಗಗಳು ಅಲ್ಲಿ ನೋಂದಣಿ ಆಗೋದು ಕಡ್ಡಾಯ. ಮೊಬೈಲಲ್ಲೇ ತೆರೆಯುತ್ತೆ, ದುಡ್ಡು ಕೊಡಬೇಕಿಲ್ಲ. ಅಲ್ಲಿ ಹೆಸರೇ ಸಿಗದಿದ್ದರೆ ಪೆನ್ನು ಕೆಳಗಿಟ್ಟು, ನೋಂದಣಿ ನಂಬರ್ ತೋರಿಸಿ ಅಂತ ಕೇಳಿ.